ನೀರಿನಲ್ಲಿ ನಿಂತು ಕೊಟ್ಟ ಮಾತು

ಪಾಸ್ಖ ಜಾಗರಣೆಯ, ಅಂದರೆ ಈಸ್ಟರ್ ಹಿಂದಿನ ರಾತ್ರಿಯ, ಬಲಿಪೂಜೆಯಲ್ಲಿ ವಿಶ್ವಾಸ ಪ್ರಮಾಣವನ್ನು, ಅಂದರೆ ಕ್ರೈಸ್ತ ನಂಬಿಕೆಯ ಸಾರವನ್ನು ಒಪ್ಪಿಕೊಳ್ಳುವ ಪಠ್ಯವನ್ನು, ಭಾನುವಾರದ ಹಾಗೆ ಒಂದೇ ಓಟದಲ್ಲಿ ಹೇಳುವುದಿಲ್ಲ. ಪಾಸ್ಖ ದೀಪದಿಂದ ಹಚ್ಚಿಕೊಂಡ ಮೇಣದಬತ್ತಿ ಹಿಡಿದು ಎಲ್ಲರೂ ಎದ್ದು ನಿಲ್ಲುತ್ತಾರೆ. ಗುರುಗಳು, ಅಂದರೆ ಪಾದ್ರಿಗಳು, ಕೇಳುತ್ತಾರೆ, ಸಭೆ ಉತ್ತರಿಸುತ್ತದೆ. ಮೊದಲು ಸೈತಾನನನ್ನು ತೊರೆಯುವ ಮೂರು ಪ್ರಶ್ನೆ. ಆಮೇಲೆ ಪಿತ, ಸುತ, ಪವಿತ್ರಾತ್ಮರಲ್ಲಿ ನಂಬಿಕೆಯ ಮೂರು ಪ್ರಶ್ನೆ. ಕೊನೆಗೆ ಪವಿತ್ರ ಜಲದ ಪ್ರೋಕ್ಷಣೆ. ಈ ರಾತ್ರಿ ವಿಶ್ವಾಸ ಪ್ರಮಾಣ ಬಿಟ್ಟುಹೋಯಿತೇ ಎಂದು ಕೆಲವರು ಕೇಳುವುದುಂಟು. ಆ ರಾತ್ರಿ ಅದು ತನ್ನ ತವರುಮನೆಗೆ ಬಂದಿರುತ್ತದೆ.

ಏಕೆಂದರೆ ಅದು ಹುಟ್ಟಿದ್ದೇ ಜ್ಞಾನಸ್ನಾನದ (ಕ್ರೈಸ್ತ ದೀಕ್ಷೆಯ) ನೀರಿನಲ್ಲಿ, ಪ್ರಶ್ನೆಗೆ ಉತ್ತರವಾಗಿ. ಆದಿಸಭೆಯಲ್ಲಿ ದೀಕ್ಷೆ ಪಡೆಯುವವರು ನೀರಿಗಿಳಿದು ನಿಂತಾಗ "ಸರ್ವಶಕ್ತ ಪಿತನಾದ ದೇವರನ್ನು ನಂಬುತ್ತೀಯಾ?" ಎಂದು ಕೇಳುತ್ತಿದ್ದರು. "ನಂಬುತ್ತೇನೆ" ಎಂದ ಕೂಡಲೇ ಒಂದು ಮುಳುಗು. ಸುತನ ಬಗ್ಗೆ ಪ್ರಶ್ನೆ, ಇನ್ನೊಂದು ಮುಳುಗು. ಪವಿತ್ರಾತ್ಮರ ಬಗ್ಗೆ ಪ್ರಶ್ನೆ, ಮೂರನೆಯ ಮುಳುಗು. ಪ್ರೇಷಿತರ ವಿಶ್ವಾಸ ಪ್ರಮಾಣ ಇಂದಿಗೂ ಮೂರು ಭಾಗವಾಗಿ ನಿಂತಿರುವುದು ಇದರಿಂದಲೇ. ಯೇಸುವಿನ ಹನ್ನೆರಡು ಪ್ರೇಷಿತರು (ಆಪ್ತ ಶಿಷ್ಯರು) ತಲೆಗೊಂದು ಸಾಲು ಹೇಳಿ ಅದನ್ನು ಕಟ್ಟಿದರು ಎಂಬುದು ಹಳೆಯ ಐತಿಹ್ಯ. ಇತಿಹಾಸ ತೋರಿಸುವುದು ಬೇರೆ: ರೋಮ್ ಸಭೆಯ ಚಿಕ್ಕದೊಂದು ದೀಕ್ಷಾ ಪ್ರಮಾಣ ಬೆಳೆಯುತ್ತ ಬೆಳೆಯುತ್ತ 8ನೇ ಶತಮಾನದ ಹೊತ್ತಿಗೆ ಈಗಿನ ರೂಪಕ್ಕೆ ಬಂತು.

4ನೇ ಶತಮಾನದ ಜೆರುಸಲೇಮಿನಲ್ಲಿ ದೀಕ್ಷಾರ್ಥಿ ಮೊದಲು ಪಶ್ಚಿಮಕ್ಕೆ, ಅಂದರೆ ಕತ್ತಲ ದಿಕ್ಕಿಗೆ, ಮುಖಮಾಡಿ ಕೈ ಚಾಚಿ ಸೈತಾನನನ್ನು ನಿರಾಕರಿಸುತ್ತಿದ್ದ. ನಂತರ ಪೂರ್ವಕ್ಕೆ ತಿರುಗಿ ನಂಬಿಕೆಯನ್ನು ಒಪ್ಪಿಕೊಳ್ಳುತ್ತಿದ್ದ. ಅದಕ್ಕೂ ಮುಂಚೆ, ಈಸ್ಟರ್‌ಗೆ ಮುನ್ನಿನ ತಪಸ್ಸುಕಾಲದಲ್ಲಿ, ಗುರುಗಳು ಪ್ರಮಾಣದ ಮಾತುಗಳನ್ನು ಬಾಯಿಮಾತಿನಲ್ಲಿ ಒಪ್ಪಿಸುತ್ತಿದ್ದರು. ಜೆರುಸಲೇಮಿನ ಬಿಷಪ್ ಸಂತ ಸಿರಿಲರ ಅಪ್ಪಣೆ ಖಡಾಖಂಡಿತ: ಕಾಗದದ ಮೇಲೆ ಬರೆದುಕೊಳ್ಳಬೇಡಿ, ಎದೆಯ ಮೇಲೆ ಬರೆದುಕೊಳ್ಳಿ. ಕೆಲವು ದಿನಗಳ ನಂತರ ಕಲಿತವರು ಅದನ್ನು ತಪ್ಪಿಲ್ಲದೆ ಮರಳಿ ಒಪ್ಪಿಸಬೇಕಿತ್ತು.

ಹಾಗಾದರೆ ಬಲಿಪೂಜೆಯಲ್ಲಿ ಹೇಳುವ ಇನ್ನೊಂದು, ಉದ್ದದ ಪ್ರಮಾಣ, ನೈಸಿಯಾದ್ದು, ಏಕೆ ಬೇಕಾಯಿತು? ಅಲೆಕ್ಸಾಂದ್ರಿಯಾದ ಗುರು ಆರಿಯುಸ್, ಸುತನೂ ಸೃಷ್ಟಿಯೇ, "ಆತನಿಲ್ಲದ ಕಾಲವೊಂದಿತ್ತು" ಎಂದು ಬೋಧಿಸಿದ. 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಬಿಷಪರನ್ನು ನೈಸಿಯಾಕ್ಕೆ, ಇಂದಿನ ಟರ್ಕಿಯ ಇಜ್ನಿಕ್‌ಗೆ, ಕರೆಸಿದ. ಪರಂಪರೆ ಹೇಳುವ ಸಂಖ್ಯೆ 318. ಪವಿತ್ರ ಗ್ರಂಥದ ಮಾತುಗಳಲ್ಲೇ ತೀರ್ಮಾನ ಬರೆಯೋಣವೆಂದರೆ ತೊಡಕು: ಮುಂದೆ ಅಲೆಕ್ಸಾಂದ್ರಿಯಾದ ಬಿಷಪರಾದ ಸಂತ ಅಥನಾಸಿಯುಸರು ಹೇಳುವಂತೆ, "ದೇವರಿಂದ ಬಂದವನು", "ದೇವರ ಶಕ್ತಿ" ಹೀಗೆ ಯಾವ ಮಾತು ಮುಂದಿಟ್ಟರೂ ಆರಿಯುಸ್ ಕಡೆಯವರು ಒಬ್ಬರಿಗೊಬ್ಬರು ಕಣ್ಸನ್ನೆ ಮಾಡಿಕೊಳ್ಳುತ್ತಿದ್ದರು, ಎಲ್ಲವನ್ನೂ ತಮ್ಮ ಅರ್ಥಕ್ಕೆ ಹೊಂದಿಸಿಕೊಳ್ಳಬಹುದಿತ್ತು. ಹಾಗೆ ಹೊಂದಿಸಿಕೊಳ್ಳಲಾಗದ ಒಂದೇ ಪದ ಸಿಕ್ಕಿತು: ಗ್ರೀಕಿನ ಹೊಮೊಊಸಿಯೊಸ್, ಅಂದರೆ ಪಿತನೊಂದಿಗೆ ಏಕಸತ್ತ್ವನು, ಒಂದೇ ಸತ್ತ್ವದವನು. ಬೈಬಲಿನಲ್ಲಿ ಇಲ್ಲದ ಪದವೆಂದು ಹಲವರಿಗೆ ಅಳುಕಿತ್ತು. ಆದರೂ ಕೊನೆಗೆ ಸಹಿ ಹಾಕದೆ ಉಳಿದವರು ಲಿಬಿಯಾ ಕಡೆಯ ಇಬ್ಬರು ಬಿಷಪರು ಮಾತ್ರ. ದೇವರು ತಾನೇ ಇಳಿದು ಬರದೆ ಇನ್ನಾರನ್ನೋ ಕಳಿಸಿದ್ದರೆ ನಮ್ಮ ರಕ್ಷಣೆ ಎಲ್ಲಿ ನಿಲ್ಲುತ್ತಿತ್ತು? ಆ ಒಂದು ಪದ ಕಾಪಾಡುತ್ತಿರುವುದು ದೇವರೇ ಇಳಿದು ಬಂದರೆಂಬ ಈ ನಂಬಿಕೆಯನ್ನೇ. ಅದಕ್ಕಾಗಿ ಅಥನಾಸಿಯುಸರು ಐದು ಬಾರಿ ಗಡಿಪಾರಾದರು.

325ರ ಪಠ್ಯ "ಪವಿತ್ರಾತ್ಮರನ್ನೂ ನಂಬುತ್ತೇವೆ" ಎನ್ನುವಲ್ಲಿಗೆ ನಿಂತು, ನಂತರ ಆರಿಯುಸನಂತೆ ಬೋಧಿಸುವವರನ್ನು ಬಹಿಷ್ಕರಿಸುವ ಸಾಲುಗಳಿಗೆ ಹೋಗುತ್ತದೆ. ಯೇಸುವಿನ ತಾಯಿ ಮರಿಯಮ್ಮನವರ ಹೆಸರಿಲ್ಲ, ಯೇಸುವಿಗೆ ಮರಣದಂಡನೆ ವಿಧಿಸಿದ ರೋಮನ್ ರಾಜ್ಯಪಾಲ ಪಿಲಾತನ ಹೆಸರಿಲ್ಲ. ನಾವು ಇಂದು ಹೇಳುವುದು 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯದೆಂದು ಬಂದ ವಿಸ್ತೃತ ಪಠ್ಯ. 451ರಲ್ಲಿ ಕಾಲ್ಸೆಡನ್‌ನಲ್ಲಿ ಅದನ್ನು ಓದಿ ಒಪ್ಪಿದರು. ಪವಿತ್ರಾತ್ಮರು "ಪ್ರಭುವೂ ಜೀವದಾತರೂ" ಎಂಬ ಸಾಲು ಇದರದು. ಪಿಲಾತನಂಥವನ ಹೆಸರು ಪ್ರಾರ್ಥನೆಯ ನಡುವೆ ಏಕೆಂದರೆ, ಯೇಸುವಿನ ಯಾತನೆ ಪುರಾಣಕಾಲದ್ದಲ್ಲ, ಇಂಥ ರಾಜ್ಯಪಾಲನ ಆಳ್ವಿಕೆಯಲ್ಲಿ ನಡೆದದ್ದು ಎಂದು ಗುರುತು ಹಾಕಲು.

ಪವಿತ್ರಾತ್ಮರು ಪಿತನಿಂದ ಮಾತ್ರವಲ್ಲ "ಸುತನಿಂದಲೂ" ಹೊರಡುತ್ತಾರೆ ಎಂಬ ಸೇರ್ಪಡೆ ಪಶ್ಚಿಮದಲ್ಲಿ ಬೆಳೆದದ್ದು. 9ನೇ ಶತಮಾನದ ಆರಂಭದಲ್ಲಿ 3ನೇ ಲಿಯೋ ಪೋಪರು ಈ ಪದವಿಲ್ಲದ ಪಠ್ಯವನ್ನು ಗ್ರೀಕ್, ಲ್ಯಾಟಿನ್ ಎರಡರಲ್ಲೂ ಬೆಳ್ಳಿಯ ಫಲಕಗಳ ಮೇಲೆ ಕೆತ್ತಿಸಿದ್ದರು. 1014ರಲ್ಲಿ ರೋಮ್ ಕೂಡ ಪ್ರಮಾಣವನ್ನು "ಸುತನಿಂದಲೂ" ಎಂಬ ಪದ ಸೇರಿಸಿ ಹಾಡಿತು. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಇಂದಿಗೂ ಸೇರಿಸುವುದಿಲ್ಲ.

ಹೇಳುವ ಕ್ರಮದಲ್ಲಿ ಹೆಚ್ಚಾಗಿ ಕೆಡುವುದು ವೇಗದಿಂದ. ದೇಹಧಾರಣೆಯ, ಅಂದರೆ ಸುತ ಮನುಷ್ಯನಾಗಿ ಬಂದದ್ದನ್ನು ಹೇಳುವ, ಸಾಲು ಬಂದಾಗ, "ಮನುಷ್ಯರಾದರು" ಎನ್ನುವವರೆಗೆ, ತಲೆಬಾಗಬೇಕು. ಕ್ರಿಸ್ಮಸ್ ದಿನ ಮತ್ತು ಮಾರ್ಚ್ 25ರ ಮಂಗಳವಾರ್ತೆಯ ಹಬ್ಬದಂದು (ಮರಿಯಮ್ಮನವರಿಗೆ ದೇವದೂತ ಶುಭಸಂದೇಶ ತಂದ ನೆನಪು) ಮೊಣಕಾಲೂರಬೇಕು. ಓಡಿಸಿ ಹೇಳಿದರೆ ಬಾಗುವಷ್ಟರಲ್ಲಿ ಸಾಲು ದಾಟಿರುತ್ತದೆ. ಆ ಸಾಲಿಗೆ ಮೊದಲು ಒಂದು ಉಸಿರಿನಷ್ಟು ನಿಲ್ಲಿ. ಗ್ರೀಕ್, ಲ್ಯಾಟಿನ್ ಪಠ್ಯಗಳಲ್ಲಿ "ನಂಬುತ್ತೇನೆ" ಮೊದಲ ಪದ. ನಮ್ಮ ಕನ್ನಡದಲ್ಲಿ ಅದು ವಾಕ್ಯದ ತುದಿಗೆ ಬರುತ್ತದೆ. ಹಾಗಾಗಿ ತುದಿಯನ್ನು ನುಂಗಿ ಹೇಳಿದರೆ ಹೋಗುವುದು ಆ ಕ್ರಿಯಾಪದವೇ. ದೇವರಿದ್ದಾನೆ ಎಂದು ನಂಬುವುದು ಬೇರೆ, ದೇವರನ್ನು ನಂಬುವುದು ಬೇರೆ. ಇಲ್ಲಿ ಕೇಳುತ್ತಿರುವುದು ಎರಡನೆಯದು.

4ನೇ ಶತಮಾನದ ರೋಮ್‌ನಲ್ಲಿ ವಿಕ್ಟೋರಿನುಸ್ ಎಂಬ ಹೆಸರಾಂತ ವಿದ್ವಾಂಸರು ಮುದಿವಯಸ್ಸಿನಲ್ಲಿ ಕ್ರಿಸ್ತನಿಗೆ ಒಲಿದರು. ನಾಚಿಕೆಯಾಗುವವರಿಗೆ ಅಲ್ಲಿ ಗುಟ್ಟಾಗಿ ಪ್ರಮಾಣ ಒಪ್ಪಿಸುವ ಅವಕಾಶವಿತ್ತು; ಗುರುಗಳು ಇವರಿಗೂ ಅದನ್ನು ಕೊಟ್ಟರು. ಇವರು ಒಪ್ಪಲಿಲ್ಲ. ಎತ್ತರದ ಜಾಗಕ್ಕೆ ಹತ್ತುತ್ತಿದ್ದಂತೆ ಗುರುತಿದ್ದವರೆಲ್ಲ "ವಿಕ್ಟೋರಿನುಸ್, ವಿಕ್ಟೋರಿನುಸ್" ಎಂದು ಸಂತೋಷದಿಂದ ಪಿಸುಗುಟ್ಟಿದರು. ಆಮೇಲೆ ಅವರ ಬಾಯಿಂದ ಕೇಳಬೇಕೆಂದು ಎಲ್ಲರೂ ಒಮ್ಮೆಲೇ ಸುಮ್ಮನಾದರು.