ಒಂದು ಗಾಜು ತಾನೇ, ಅದಕ್ಕೆ ಎರಡು ದಿನ ಯಾಕೆ?

ಮಾಟುಂಗಾದಲ್ಲಿ ಕರ್ನಾಟಕ ಸಂಘದ ಕಾರ್ಯಕ್ರಮವಿರಲಿ, ಡೊಂಬಿವಲಿಯಲ್ಲಿ ನೆಂಟರ ಮದುವೆಯಿರಲಿ, ನಾನು ಕಾರಿನ ಗಾಜಿನ ಕೆಲಸದವನು ಎಂದು ಗೊತ್ತಾದರೆ ಸಾಕು, ಯಾರಾದರೊಬ್ಬರು ಪಕ್ಕಕ್ಕೆ ಬಂದು ಕೂರುತ್ತಾರೆ. "ಅಣ್ಣಾ, ನನ್ನ ಸ್ವಿಫ್ಟ್‌ನ ಡೋರ್ ಗ್ಲಾಸ್ ಒಂದೆರಡು ಗಂಟೆಯಲ್ಲಿ ಹಾಕಿ ಕೊಟ್ರು. ನಮ್ಮ ಬಾಸ್‌ನ ಟಾಪ್ ಮಡಚೋ ಓಪನ್ ಕಾರಿಗೆ ಎರಡು ದಿನ ಅಂತಾರಂತೆ. ಒಂದು ಗಾಜು ತಾನೇ? ದುಡ್ಡಿರೋರು ಅಂತ ಸುಮ್ನೆ ಎಳೀತೀರಾ?"

ಎಳೆಯುವವರು ಇದ್ದಾರೆ, ಇಲ್ಲ ಎನ್ನುವುದಿಲ್ಲ. ಆದರೆ ಎರಡು ದಿನ ಎಂದವನು ಸುಳ್ಳು ಹೇಳುತ್ತಿಲ್ಲ. ಒಂದು ಗಂಟೆಯಲ್ಲಿ ಮುಗಿಸಿ ಕೊಡುತ್ತೇನೆ ಎಂದವನ ಮೇಲೇ ನನಗೆ ಅನುಮಾನ ಜಾಸ್ತಿ.

ಸ್ವಿಫ್ಟ್‌ನ ಬಾಗಿಲನ್ನು ಒಮ್ಮೆ ತೆರೆದು ನೋಡಿ. ಗಾಜಿನ ಸುತ್ತ ತಗಡಿನ ಚೌಕಟ್ಟು ಇದೆ. ಚೌಕಟ್ಟಿನೊಳಗೆ ರಬ್ಬರಿನ ಜಾಡು ಇದೆ. ಗಾಜು ಅದರಲ್ಲೇ ಜಾರಿಕೊಂಡು ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ. ಅದು ಎಲ್ಲಿ ನಿಲ್ಲಬೇಕು, ಎಷ್ಟು ವಾಲಬೇಕು ಎನ್ನುವುದನ್ನೆಲ್ಲ ಚೌಕಟ್ಟೇ ನೋಡಿಕೊಳ್ಳುತ್ತದೆ. ಫಿಟ್ಟರ್‌ಗೆ ಬೋಲ್ಟ್ ಬಿಗಿಯುವ ಕೆಲಸ ಮಾತ್ರ.

ಓಪನ್ ಕಾರಿನಲ್ಲಿ ಆ ಚೌಕಟ್ಟೇ ಇಲ್ಲ. ಟಾಪ್ ಮಡಚಿದಾಗ ಬಾಗಿಲ ಮೇಲೆ ಏನೂ ಉಳಿಯಬಾರದಲ್ವಾ? ಹಾಗಾಗಿ ಬಾಗಿಲು ನಮ್ಮ ಮೊಣಕೈ ಇಡುವ ಎತ್ತರಕ್ಕೇ ಮುಗಿಯುತ್ತದೆ. ಅಲ್ಲಿಂದ ಮೇಲೆ ಗಾಜು ಒಂದೇ. ಕೆಳಗೆ ಬಾಗಿಲೊಳಗೆ ಗಾಜು ಏರಿಸಿ ಇಳಿಸುವ ಮಷೀನು ಅದನ್ನು ಒಂದೆರಡು ಕಡೆ ಕಚ್ಚಿ ಹಿಡಿದಿರುತ್ತದೆ, ಅಷ್ಟೇ ಆಧಾರ. ಆ ಗಾಜು ಮುಂದೆ ವಿಂಡ್‌ಶೀಲ್ಡ್ ಕಂಬದ ಬೀಡಿಂಗಿಗೆ (ಅಂಚಿನ ರಬ್ಬರ್ ಪಟ್ಟಿಗೆ), ಮೇಲೆ ಬಟ್ಟೆಯ ಟಾಪಿನ ಬೀಡಿಂಗಿಗೆ, ಹಿಂದೆ ಚಿಕ್ಕ ಕ್ವಾರ್ಟರ್ ಗ್ಲಾಸಿನ ಬೀಡಿಂಗಿಗೆ, ಹೀಗೆ ಮೂರೂ ಕಡೆ ಒಂದೇ ಸಮ ಒತ್ತಿಕೊಂಡು ಕೂರಬೇಕು. ಕೆಳಗೆ ಹಿಡಿತ ಒಂದು ಮಿಲಿಮೀಟರ್ ವಾಲಿದರೂ ಮೇಲ್ತುದಿಯಲ್ಲಿ ಅದು ಅದಕ್ಕಿಂತ ಜಾಸ್ತಿಯೇ ಆಗುತ್ತದೆ. ಇದಕ್ಕೇ ಈ ಗಾಜು ಮಾಮೂಲಿ ಬಾಗಿಲ ಗಾಜಿಗಿಂತ ದಪ್ಪ. ಮಾಮೂಲಿಯದು 3ರಿಂದ 4 ಮಿಲಿಮೀಟರ್, ಇದು 5ರ ಆಸುಪಾಸು ಇರುತ್ತದೆ.

"ಹಾಗಾದ್ರೆ ಗ್ಲಾಸ್ ಅಂಗಡಿಯಲ್ಲಿ ಅಳತೆ ಕೊಟ್ಟು ಕಟ್ ಮಾಡಿಸಿದ್ರೆ ಆಯ್ತಲ್ಲ?" ಇದು ಎರಡನೇ ಪ್ರಶ್ನೆ, ಹೆಚ್ಚಾಗಿ ಮನೆಗೆ ಸ್ಲೈಡಿಂಗ್ ಕಿಟಕಿ ಹಾಕಿಸಿದವರದು. ಆಗುವುದಿಲ್ಲ. ಮುಂದಿನ ವಿಂಡ್‌ಶೀಲ್ಡ್ ಲ್ಯಾಮಿನೇಟೆಡ್ ಗಾಜು. ಎರಡು ಗಾಜಿನ ನಡುವೆ ಒಂದು ಪ್ಲಾಸ್ಟಿಕ್ ಪದರ. ಕಲ್ಲು ಬಿದ್ದರೆ ಬಿರುಕು ಬಿಡುತ್ತದೆ, ಉದುರುವುದಿಲ್ಲ. ಹಳೇ ಜೀಪಿನದರ ಹಾಗೆ ಚಪ್ಪಟೆ ಇದ್ದರೆ ಕಟ್ ಮಾಡಿಯೂ ಕೂರಿಸಬಹುದು. ಬಾಗಿಲ ಗಾಜು ಸಾಮಾನ್ಯವಾಗಿ ಟಫನ್ಡ್. ಅದನ್ನು ಮೊದಲೇ ಆಕಾರಕ್ಕೆ ಕತ್ತರಿಸಿ, ಬೋಲ್ಟಿನ ತೂತು ಕೊರೆದು, 600 ಡಿಗ್ರಿಗಿಂತ ಮೇಲೆ ಕಾಯಿಸಿ, ಬಾಗಿಸಿ, ಗಾಳಿ ಊದಿ ತಟ್ಟನೆ ತಣಿಸಿರುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಗಿನದು ಆಮೇಲೆ ತಣಿದು ಕುಗ್ಗುವಾಗ ಹೊರಮೈಯನ್ನು ಎಳೆದು ಬಿಗಿಯಾಗಿ ಹಿಡಿಯುತ್ತದೆ. ಗಾಜಿಗೆ ಗಟ್ಟಿತನ ಬರುವುದು ಆ ಬಿಗಿಯಿಂದ. ಒಂದು ಕಡೆ ಅದು ತಪ್ಪಿತೋ, ಇಡೀ ಗಾಜು ಕಲ್ಲುಸಕ್ಕರೆ ಚೂರಿನ ಹಾಗೆ ಉದುರುತ್ತದೆ. ತಣಿಸಿದ ಮೇಲೆ ಕಟರ್ ಇಟ್ಟರೂ ಅದೇ ಗತಿ, ಡ್ರಿಲ್ ಇಟ್ಟರೂ ಅದೇ ಗತಿ. ಅರ್ಧ ಒಡೆದ ಡೋರ್ ಗ್ಲಾಸನ್ನು ನಾನಂತೂ ರಿಪೇರಿ ಮಾಡಿಲ್ಲ, ಮಾಡುವವರನ್ನು ನೋಡಿಯೂ ಇಲ್ಲ.

ಅಂದರೆ ಅದೇ ಮಾಡೆಲ್ಲಿನ ಗಾಜೇ ಬೇಕು. ನಮ್ಮ ಪಕ್ಕದಲ್ಲೇ ಕಾರ್ಖಾನೆಗಳಿಗೇನೂ ಬರವಿಲ್ಲ. ಪುಣೆಯ ಚಾಕಣ್‌ನಲ್ಲಿ ಸೇಂಟ್ ಗೋಬೇನ್ ಸೆಕ್ಯುರಿಟ್ ಇದೆ, ತಳೋಜಾದಲ್ಲಿ ಆಸಾಹಿ ಇಂಡಿಯಾ ಇದೆ. ಆದರೆ ಸಾವಿರಗಟ್ಟಲೆ ಓಡುವ ಕಾರಿಗೆ ಗಾಜು ಮಾಡುವುದು ಬೇರೆ, ಊರಿಗೆ ಬೆರಳೆಣಿಕೆಯಷ್ಟು ಇರುವ ಓಪನ್ ಕಾರಿಗೆ ಮಾಡುವುದು ಬೇರೆ. ಹೊರದೇಶದಿಂದ ಬಂದ ಕಾರಿಗೆ ಗಾಜೂ ಹೊರಗಿನಿಂದಲೇ ಬರಬೇಕು. ಬರುವವರೆಗೆ ಕಾಯಬೇಕು. ನಾನು ಹೇಳುವ ಎರಡು ದಿನದಲ್ಲಿ ಈ ಕಾಯುವಿಕೆ ಸೇರಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕುರ್ಲಾದ ಸಿಎಸ್‌ಟಿ ರೋಡಿನಲ್ಲಿ ಹಳೇ ಗಾಜು ಸಿಕ್ಕಿದರೆ ಹಾಕಬಹುದಾ ಅಂತಲೂ ಕೇಳುತ್ತಾರೆ. ಹಾಕಬಹುದು, ನನಗೇನೂ ಮಡಿಯಿಲ್ಲ. ಕೊಳ್ಳುವ ಮೊದಲು ಗಾಜನ್ನು ಬಿಸಿಲಿಗೆ ಹಿಡಿದು ಕೆಳಮೂಲೆಯ ಮುದ್ರೆ ಓದಿ. ಕಂಪನಿಯ ಹೆಸರು, ಗಾಜಿನ ಜಾತಿ, ಒಂದು ವೃತ್ತದೊಳಗೆ ಇಂಗ್ಲಿಷಿನ 'ಇ' ಅಕ್ಷರ, ಅದರ ಪಕ್ಕ ಒಂದು ಅಂಕೆ, ಜೊತೆಗೆ '43ಆರ್' ಎಂದು ಇದ್ದರೆ ಅದು ಯುರೋಪಿನ ಸುರಕ್ಷತಾ ನಿಯಮದ ಗುರುತು. ಅಂಕೆ 1 ಇದ್ದರೆ ಒಪ್ಪಿಗೆ ಕೊಟ್ಟದ್ದು ಜರ್ಮನಿ, 2 ಇದ್ದರೆ ಫ್ರಾನ್ಸ್, 11 ಇದ್ದರೆ ಇಂಗ್ಲೆಂಡ್. ನಮ್ಮ ದೇಶದ ಗಾಜಾದರೆ 'ಐಎಸ್ 2553' ನೋಡಿ. ಆಮೇಲೆ ಬಣ್ಣ. ಒಂದು ಬಾಗಿಲು ಹಸಿರು ಛಾಯೆ, ಇನ್ನೊಂದು ಬೂದು ಛಾಯೆ ಆದರೆ ದಿನಾ ಕಣ್ಣಿಗೆ ಚುಚ್ಚುತ್ತದೆ. ಅಂಚಿನಲ್ಲಿ ಉಗುರು ಆಡಿಸಿ ನೋಡಿ. ಸಣ್ಣ ಚಕ್ಕೆ ಎದ್ದಿದ್ದರೂ ಬಿಟ್ಟುಬಿಡಿ, ಅದು ರಸ್ತೆಯ ಮೊದಲ ಗುಂಡಿಯಲ್ಲೇ ಕೈಕೊಡಬಹುದು. ಒಂದು ಸಮಾಧಾನ ಏನೆಂದರೆ, ಎಡಬಾಗಿಲ ಗಾಜು ಎಡಬಾಗಿಲಿನದೇ. ಸ್ಟಿಯರಿಂಗ್ ಎಡಕ್ಕಿರುವ ದೇಶದ ಕಾರಿನದಾದರೂ ಗಾಜಿನ ಮಟ್ಟಿಗೆ ತೊಂದರೆಯಿಲ್ಲ. ಮೋಟರು, ಸ್ವಿಚ್ಚು ಮಾತ್ರ ಹಾಗಲ್ಲ.

ಗಾಜು ಕೈಗೆ ಬಂತು ಎಂದುಕೊಳ್ಳಿ. ಮೊದಲ ದಿನದ ಬಹುಪಾಲು ಹಳೇ ಗಾಜಿಗೇ ಹೋಗುತ್ತದೆ. ಬ್ಯಾಟರಿ ವೈರ್ ಬಿಚ್ಚಿ ಸ್ವಲ್ಪ ಹೊತ್ತು ಬಿಡಬೇಕು. ಏಕೆಂದರೆ ಕೆಲವು ಓಪನ್ ಕಾರುಗಳಲ್ಲಿ ಏರ್‌ಬ್ಯಾಗ್ ಬಾಗಿಲಲ್ಲೇ ಇರುತ್ತದೆ. ಆಮೇಲೆ ಡೋರ್ ಪ್ಯಾಡು, ಅಂದರೆ ಬಾಗಿಲ ಒಳಬದಿಯ ಹೊದಿಕೆ, ಬಿಚ್ಚಬೇಕು. ಅದರ ಕ್ಲಿಪ್‌ಗಳು ವಯಸ್ಸಾದಷ್ಟೂ ಪಟಪಟ ಮುರಿಯುತ್ತವೆ, ಹೊಸದನ್ನು ಮೊದಲೇ ತಂದಿಟ್ಟುಕೊಂಡಿರಬೇಕು. ಪ್ಯಾಡಿನ ಹಿಂದೆ ಕಪ್ಪು ಅಂಟಿನಿಂದ ಮೆತ್ತಿದ ಒಂದು ಶೀಟು ಇರುತ್ತದೆ. ಅವಸರದ ಕೈ ಅದನ್ನು ಬ್ಲೇಡಿನಿಂದ ಸೀಳಿಬಿಡುತ್ತದೆ. ಮಳೆ ಬಂದಾಗ ಗಾಜಿನ ಮೇಲಿಂದ ಇಳಿದ ನೀರು ಬಾಗಿಲೊಳಗೆ ಹೋಗುವುದು ಸಹಜ, ಅದಕ್ಕೆಂದೇ ಬಾಗಿಲ ತಳದಲ್ಲಿ ತೂತುಗಳಿವೆ. ಆ ನೀರು ನಿಮ್ಮ ಕಾಲಿನ ಕಡೆ ಬಾರದಂತೆ ತಡೆಯುವುದು ಈ ಶೀಟು. ಕೆಲವು ಕಾರುಗಳಲ್ಲಿ ಪಕ್ಕದಿಂದ ಗುದ್ದಿದ್ದನ್ನು ಬಾಗಿಲೊಳಗಿನ ಗಾಳಿಯ ಒತ್ತಡ ನೋಡಿಯೇ ಸೆನ್ಸರ್ ತಿಳಿದುಕೊಳ್ಳುತ್ತದೆ. ಅಲ್ಲಿ ಹರಿದ ಶೀಟು ಅಂದರೆ ಬರೀ ಒದ್ದೆ ಕಾರ್ಪೆಟ್ಟಿನ ಮಾತಲ್ಲ.

ಒಳಗೆ ಬೆಳಕು ಬಿಟ್ಟರೆ ತಳದಲ್ಲಿ ಒಡೆದ ಗಾಜಿನ ರಾಶಿ. ವ್ಯಾಕ್ಯೂಮ್ ಹಿಡಿದರೆ ಮುಕ್ಕಾಲು ಬರುತ್ತದೆ. ಉಳಿದದ್ದು ಮಷೀನಿನ ಹಳಿಯ ಗ್ರೀಸಿನಲ್ಲಿ, ಹೊರಗಿನ ಬೀಡಿಂಗಿನ ಮಡಿಕೆಯಲ್ಲಿ, ನೀರಿನ ತೂತಿನ ಬಾಯಲ್ಲಿ ಕೂತಿರುತ್ತದೆ. ಬಾಗಿಲನ್ನು ಅಂಗೈಯಿಂದ ತಟ್ಟಬೇಕು, ಬ್ಲೋವರ್ ಹಿಡಿಯಬೇಕು, ಮತ್ತೆ ವ್ಯಾಕ್ಯೂಮ್, ಮತ್ತೆ ತಟ್ಟಬೇಕು. ಬೀಡಿಂಗಿನಲ್ಲಿ ಸಾಸಿವೆಯಷ್ಟು ಚೂರು ಉಳಿದರೂ ಸಾಕು. ಹೊಸ ಗಾಜು ಮೊದಲ ಸಲ ಇಳಿಯುವಾಗಲೇ ಉದ್ದಕ್ಕೆ ಗೀರು ಬೀಳುತ್ತದೆ. ತೂತು ಕಟ್ಟಿಕೊಂಡರೆ ಮೊದಲ ಮಳೆಗೇ ಬಾಗಿಲು ನೀರಿನ ಕೊಡದ ಹಾಗೆ ಗುಳುಗುಳು ಅನ್ನುತ್ತದೆ, ಮುಂದೆ ತುಕ್ಕು. ಈ ಕೆಲಸಕ್ಕೆ ಬಿಲ್ಲಿನಲ್ಲಿ ಒಂದು ಸಾಲೂ ಇರುವುದಿಲ್ಲ, ಆದರೆ ನಾನು ಹುಡುಗರನ್ನು ಬೈಯುವುದಿದ್ದರೆ ಇದಕ್ಕೇ.

ಎರಡನೇ ದಿನ ಸೆಟ್ಟಿಂಗ್. ಗಾಜನ್ನು ಮಷೀನಿಗೆ ಕೂರಿಸಿ ಬೋಲ್ಟನ್ನು ಕೈಬಿಗಿ ಮಾತ್ರ ಮಾಡುತ್ತೇವೆ. ತೂತಿನಲ್ಲಿ ಪ್ಲಾಸ್ಟಿಕ್ ಬುಷ್ ಇರಲೇಬೇಕು, ಕಬ್ಬಿಣ ನೇರ ಗಾಜಿಗೆ ತಾಗಿದರೆ ಆ ಬಿಗಿಗೇ ಒಡೆಯಬಹುದು. ಟಾಪ್ ಮುಚ್ಚಿ ಲಾಕ್ ಮಾಡಿಯೇ ಕೆಲಸ ಶುರು. ಮೊದಲು ಹಿಂದಿನ ಕ್ವಾರ್ಟರ್ ಗ್ಲಾಸ್ ಸರಿಯಿದೆಯಾ ನೋಡಬೇಕು. ಅದೇ ವಾಲಿದ್ದರೆ ಬಾಗಿಲ ಗಾಜನ್ನು ಯಾವ ದಿಕ್ಕಿಗೆ ತಿರುಗಿಸಿದರೂ ಹೊಂದುವುದಿಲ್ಲ. ಆಮೇಲೆ ಮೂರು ಅಳತೆ: ಹಿಂದೆ ಮುಂದೆ, ಎತ್ತರ, ಒಳವಾಲು. ಕಷ್ಟ ಕೊಡುವುದು ಒಳವಾಲು. ಕಾರು ಎಕ್ಸ್‌ಪ್ರೆಸ್‌ವೇಯಲ್ಲಿ ಓಡುವಾಗ ಹೊರಗಿನ ಗಾಳಿ ಗಾಜನ್ನು ಹೊರಕ್ಕೆ ಎಳೆಯುತ್ತದೆ. ಹಿಡಿಯಲು ಚೌಕಟ್ಟಿಲ್ಲ. ಅದಕ್ಕೇ ನಿಂತಿರುವಾಗಲೇ ಗಾಜು ಬೀಡಿಂಗನ್ನು ಸ್ವಲ್ಪ ಒತ್ತಿಕೊಂಡಿರಬೇಕು. ಕಡಿಮೆಯಾದರೆ ಲೋನಾವಳ ಮುಟ್ಟುವವರೆಗೂ ಕಿವಿಯಲ್ಲಿ ಸೀಟಿ. ಜಾಸ್ತಿಯಾದರೆ ಬಾಗಿಲು ಹಾಕಿದಾಗಲೆಲ್ಲ ಗಾಜಿನ ಮೂಲೆ ಬೀಡಿಂಗನ್ನು ಕೊರೆಯುತ್ತದೆ, ಮಷೀನಿಗೂ ಭಾರ. ಒಂದನ್ನು ತಿದ್ದಿದರೆ ಉಳಿದೆರಡು ಚೂರು ಸರಿಯುತ್ತವೆ. ಹೀಗೆ ಸುತ್ತಿ ಸುತ್ತಿ ಬರಬೇಕು.

ನೋಡುವ ಉಪಾಯ ಸರಳ, ನೀವೂ ಮಾಡಬಹುದು. ಉದ್ದ ಕಾಗದದ ಪಟ್ಟಿಯೊಂದನ್ನು ಗಾಜು ಮತ್ತು ಬೀಡಿಂಗಿನ ನಡುವೆ ಇಟ್ಟು ಬಾಗಿಲು ಹಾಕಿ. ಎಳೆಯಿರಿ. ಹಿಡಿದು ಹಿಡಿದು ಬರಬೇಕು. ಸುಮ್ನೆ ಜಾರಿದರೆ ಅಲ್ಲಿ ಒತ್ತಡವಿಲ್ಲ, ಹರಿದರೆ ವಿಪರೀತ. ಮುಂದಿನ ಕಂಬದಿಂದ ಶುರುಮಾಡಿ ಹಿಂದಿನವರೆಗೆ ಗೇಣು ಗೇಣಿಗೆ ನೋಡಿ. ಕಾಗದ ಪಾಸಾದ ಮೇಲೆ ನೀರು. ಪೈಪನ್ನು ಕೆಳಗಿನಿಂದ ನಿಧಾನ ಮೇಲಕ್ಕೆ ಒಯ್ಯಬೇಕು. ಮೊದಲೇ ಮೇಲಿನಿಂದ ಸುರಿದರೆ ಎಲ್ಲಿಂದ ಒಳಬಂತು ಅಂತ ತಿಳಿಯುವುದೇ ಇಲ್ಲ. ಒಬ್ಬ ಹೊರಗೆ ಪೈಪ್ ಹಿಡಿದರೆ ಇನ್ನೊಬ್ಬ ಒಳಗೆ ಟಾರ್ಚ್ ಹಿಡಿದು ಕೂರುತ್ತಾನೆ.

ಇಷ್ಟಾದರೂ ಕರೆಂಟಿನ ಭಾಗ ಉಳಿಯಿತು. ಓಪನ್ ಮಿನಿ ಕೂಪರಿನಂಥ ಕಾರಿನ ಬಾಗಿಲ ಹಿಡಿಯನ್ನು ಎಳೆದಾಗ ಗಾಜು ತಾನಾಗಿ ಒಂದು ಚೂರು ಕೆಳಗಿಳಿಯುವುದನ್ನು ನೋಡಿರಬಹುದು. ಗಾಜಿನ ತುದಿ ಬೀಡಿಂಗಿನ ತುಟಿಯೊಳಗೆ ಸಿಕ್ಕಿಕೊಂಡಿರುತ್ತದೆ. ಬಿಡಿಸಿಕೊಳ್ಳದೆ ಬಾಗಿಲು ತೆರೆಯುವಂತಿಲ್ಲ. ಬಾಗಿಲು ಹಾಕಿದ ಮೇಲೆ ಮತ್ತೆ ಮೇಲೇರಿ ಕೂರುತ್ತದೆ. ಹೊಸ ಗಾಜು ಹಾಕಿದಾಗ, ಬ್ಯಾಟರಿ ಬಿಚ್ಚಿದಾಗ, ಎಲ್ಲಿ ನಿಲ್ಲಬೇಕು ಎನ್ನುವುದು ಮಷೀನಿಗೆ ಮರೆತುಹೋಗುತ್ತದೆ. ಗಾಜನ್ನು ಪೂರ್ತಿ ಏರಿಸಿ ಸ್ವಿಚ್ಚನ್ನು ಕೆಲವು ಸೆಕೆಂಡು ಹಾಗೇ ಹಿಡಿದು ಕಲಿಸಬೇಕು. ಕಾರಿನಿಂದ ಕಾರಿಗೆ ಕ್ರಮ ಬೇರೆ, ಮ್ಯಾನುಯಲ್ ನೋಡಿಯೇ ಮಾಡಬೇಕು. ಇದು ನಿಮಗೂ ಗೊತ್ತಿರಲಿ: ಇಂಥ ಕಾರಿನ ಬ್ಯಾಟರಿ ತೆಗೆಯುವ ಮೊದಲು ಗಾಜು ಇಳಿಸಿ. ಬ್ಯಾಟರಿ ಸತ್ತ ಕಾರಿನ ಬಾಗಿಲನ್ನು ಜಗ್ಗಿ ಬೀಡಿಂಗ್ ಹರಿದುಕೊಂಡು ಬರುವವರು ಪ್ರತಿ ಮಳೆಗಾಲದಲ್ಲೂ ಇದ್ದಾರೆ.

ಮಳೆಗಾಲ ಎಂದಾಗ ಇನ್ನೊಂದು ಮಾತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದಾಗ ಕಾರಿನೊಳಗೇ ಸಿಕ್ಕಿ ಸತ್ತವರಿದ್ದರು. ಆಮೇಲೆ ಮುಂಬೈಯವರು ಕಾರಿನಲ್ಲಿ ಸುತ್ತಿಗೆ ಇಡಲು ಕಲಿತರು. ಟಫನ್ಡ್ ಗಾಜಾದರೆ ನಡುವೆ ಹೊಡೆಯಬೇಡಿ, ಮೂಲೆಗೆ ಚೂಪಾದದ್ದರಿಂದ ಹೊಡೆಯಿರಿ. ಈಗಿನ ಕೆಲವು ಕಾರುಗಳಲ್ಲಿ ಬಾಗಿಲಿಗೂ ಲ್ಯಾಮಿನೇಟೆಡ್ ಬರುತ್ತದೆ, ಅದು ಹಾಗೆ ಉದುರುವುದಿಲ್ಲ. ಮುದ್ರೆ ಓದಲು ಹೇಳಿದ್ದು ಇದಕ್ಕೂ ಸೇರಿ.

ದುಡ್ಡಿನ ವಿಷಯ ಚಿಕ್ಕದು. ಓನ್ ಡ್ಯಾಮೇಜ್ ಇನ್ಶೂರೆನ್ಸ್ (ನಿಮ್ಮದೇ ಕಾರಿನ ಹಾನಿಗೆ ಮಾಡಿಸುವುದು) ಇದ್ದರೆ ಗಾಜಿಗೆ ಸವಕಳಿ ಕಳೆಯುವುದಿಲ್ಲ, ಬೀಡಿಂಗ್ ಕ್ಲಿಪ್‌ನಂಥ ರಬ್ಬರ್ ಪ್ಲಾಸ್ಟಿಕ್ಕಿಗೆ 50% ಕಳೆಯುತ್ತಾರೆ. ಸವಕಳಿಯನ್ನೇ ಕಳೆಯದ ಝೀರೋ ಡೆಪ್ ಪಾಲಿಸಿ ಇದ್ದರೆ ಅದೂ ಸಿಗುತ್ತದೆ. ಎಂಜಿನ್ 1500 ಸಿಸಿವರೆಗಿದ್ದರೆ 1000 ರೂಪಾಯಿ, ಮೇಲಿದ್ದರೆ 2000 ರೂಪಾಯಿ ಕೈಯಿಂದ ಹಾಕಬೇಕು. ಆದರೆ ಕ್ಲೇಮ್ ಮಾಡಿದರೆ ಐದು ವರ್ಷದಲ್ಲಿ 50% ತನಕ ಏರಿದ ನೋ ಕ್ಲೇಮ್ ಬೋನಸ್, ಅಂದರೆ ಪ್ರೀಮಿಯಂನ ರಿಯಾಯಿತಿ, ಹೋಗುತ್ತದೆ. ಮಾಮೂಲಿ ಕಾರಿನ ಒಂದು ಗಾಜಿಗೆ ಕ್ಲೇಮ್ ಬೇಡ ಎನ್ನುತ್ತೇನೆ. ಓಪನ್ ಕಾರಿಗೆ ಲೆಕ್ಕ ಹಾಕಿ ನೋಡಿ, ಹೆಚ್ಚಾಗಿ ಮಾಡುವುದೇ ಲಾಭ. ಕಳ್ಳ ಒಡೆದದ್ದಾದರೆ ಪೊಲೀಸ್ ಕಂಪ್ಲೇಂಟ್ ಆಗಲಿ, ಗುಡಿಸುವ ಮೊದಲು ಫೋಟೋ ತೆಗೆಯಿರಿ.

ಹೊಸ ಗಾಜಿಗೆ ಕಪ್ಪು ಫಿಲ್ಮ್ ಹಾಕಿ ಕೊಡಿ ಎಂದರೆ ನಾನು ಹಾಕುವುದಿಲ್ಲ. ಪಕ್ಕದ ಗಾಜಿನಲ್ಲಿ ಕನಿಷ್ಠ 50% ಬೆಳಕು ಹಾಯಬೇಕು ಎಂದು ನಿಯಮ. 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ನಾಕಾಬಂದಿಯಲ್ಲಿ ನಿಲ್ಲಿಸಿ ಅಲ್ಲೇ ಕೀಳಿಸಿದ್ದನ್ನು ನೋಡಿದ್ದೇನೆ.

ಗಾಜು ಬರುವ ತನಕ ಕಾರನ್ನು ಮುಚ್ಚಿದ ಪಾರ್ಕಿಂಗಿನಲ್ಲಿ ಇಡಿ. ಜಾಗವಿಲ್ಲದಿದ್ದರೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅದರ ಮೇಲಂಚನ್ನು ಒಳಕ್ಕೆ ಮಡಚಿ ಬಾಗಿಲು ಹಾಕಿ. ಕಂದು ಪ್ಯಾಕಿಂಗ್ ಟೇಪನ್ನು ಪೇಂಟಿಗಾಗಲಿ ಬಟ್ಟೆಯ ಟಾಪಿಗಾಗಲಿ ಅಂಟಿಸಬೇಡಿ. ಬಿಸಿಲಿಗೆ ಅದರ ಅಂಟು ಬಟ್ಟೆಯೊಳಗೆ ಇಳಿದರೆ ತೆಗೆಯುವುದಕ್ಕೆ ನನಗೆ ಮೂರನೇ ದಿನವೂ ಬೇಕಾಗುತ್ತದೆ. ಪೇಂಟ್ ಅಂಗಡಿಯಲ್ಲಿ ಮಾಸ್ಕಿಂಗ್ ಟೇಪ್ ಕೇಳಿ, ಕೊಡುತ್ತಾರೆ.