ಆ ಪುಟ್ಟ ಕಾರು ನಿಜಕ್ಕೂ ರೋಬೋಟ್ ಆಗುತ್ತದೆಯೇ?

ಕಾರಾಗಿ ಮಡಚಿಕೊಳ್ಳುವ ಆಟಿಕೆ ರೋಬೋಟ್‌ಗಳ ಮೈಮೇಲೆ ಬೇರೊಂದು ಪುಟ್ಟ ಲೋಹದ ಕಾರಿನ ಚಿಪ್ಪನ್ನು, ಎಂದರೆ ಹೊರಮೈಯನ್ನು, ಕೂರಿಸುವುದು ನನ್ನ ಹವ್ಯಾಸ. ಹೀಗೆ ನಾನು ಮೈ ಬದಲಿಸಿದ ಪುಟ್ಟ ರೋಬೋಟ್‌ಗಳನ್ನು ಕೈಗೆತ್ತಿಕೊಂಡವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಇದು ನಿಜಕ್ಕೂ ಮಡಚಿಕೊಳ್ಳುತ್ತದೆಯೇ, ಇಲ್ಲವೇ ಕಾರನ್ನು ತುಂಡು ಮಾಡಿ ಮೇಲೆ ಅಂಟಿಸಿದ್ದೀರೋ?’ ಎರಡೂ ನಿಜ ಎಂಬುದೇ ನನ್ನ ಉತ್ತರ. ತುಂಡು ಮಾಡಿ ಅಂಟಿಸಿದ್ದೇನೆ, ಆದರೂ ಅದು ಮಡಚಿಕೊಳ್ಳುತ್ತದೆ. ಏಕೆಂದರೆ ಎಲ್ಲಿ ತುಂಡು ಮಾಡಬೇಕೆಂಬುದನ್ನು ತೀರ್ಮಾನಿಸುವವನು ನಾನಲ್ಲ, ರೋಬೋಟ್‌ನ ಕೀಲುಗಳು.

ಈ ಆಟಿಕೆಗಳ ಮೂಲದಲ್ಲೇ ಇಂಥ ಮೈ ಬದಲಾವಣೆ ಇದೆ. ಜಪಾನಿನ ಟಕಾರಾ ಸಂಸ್ಥೆ 1980ರ ದಶಕದ ಆರಂಭದಲ್ಲಿ ಡಯಾಕ್ಲೋನ್ ಮತ್ತು ಮೈಕ್ರೋ ಚೇಂಜ್ ಎಂಬ ಸಾಲುಗಳಲ್ಲಿ ತಯಾರಿಸಿದ್ದ ಕಾರು-ರೋಬೋಟ್‌ಗಳನ್ನೇ ಅಮೆರಿಕದ ಹ್ಯಾಸ್ಬ್ರೋ 1984ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಅವುಗಳಲ್ಲಿ ಪ್ರೌಲ್, ಬ್ಲೂಸ್ಟ್ರೀಕ್, ಮರುವರ್ಷ ಬಂದ ಸ್ಮೋಕ್‌ಸ್ಕ್ರೀನ್ ಎಂಬ ಮೂವರೂ ಹೆಚ್ಚುಕಡಿಮೆ ಒಂದೇ ಅಚ್ಚಿನ ಮಕ್ಕಳು. ಬಣ್ಣವನ್ನೂ ಒಂದೆರಡು ಬಿಡಿಭಾಗಗಳನ್ನೂ ಬದಲಿಸಿ ಹೊಸ ಪಾತ್ರವನ್ನು ಹುಟ್ಟಿಸುವುದು ಕಾರ್ಖಾನೆಯವರೇ ಕಲಿಸಿದ ವಿದ್ಯೆ. ನಾವು ಅದನ್ನು ಒಂದು ಹೆಜ್ಜೆ ಮುಂದೆ ಒಯ್ದು ಇಡೀ ಚಿಪ್ಪನ್ನೇ ಬದಲಿಸುತ್ತೇವೆ, ಅಷ್ಟೆ.

ಹೊಸಬರು ಎಡವುವುದು ಕಾರಿನ ಆಯ್ಕೆಯಲ್ಲಿ. ಮೆಚ್ಚಿದ ಕಾರನ್ನು ಮೊದಲು ತಂದು, ಅದಕ್ಕೊಪ್ಪುವ ರೋಬೋಟನ್ನು ಆಮೇಲೆ ಹುಡುಕುತ್ತಾರೆ. ನಾನಾದರೋ ರೋಬೋಟನ್ನು ಕಾರಿನ ರೂಪದಲ್ಲಿ ನಿಲ್ಲಿಸಿ, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರವನ್ನು ಕ್ಯಾಲಿಪರ್‌ನಿಂದ ಅಳೆದು, ಆ ಅಳತೆಯನ್ನು ಬರೆದಿಟ್ಟುಕೊಂಡೇ ಕಾರು ಹುಡುಕಲು ಹೊರಡುತ್ತೇನೆ. ನಿಜವಾದ ಕಾರಿನಲ್ಲಿ ಈ ಅಂತರ 2.6 ಮೀಟರ್ ಇದ್ದರೆ, 1:64 ಪ್ರಮಾಣದ ಮಾದರಿಯಲ್ಲಿ ಅದು ಸುಮಾರು 40.6 ಮಿಲಿಮೀಟರ್ ಆಗುತ್ತದೆ. 1:60 ಪ್ರಮಾಣದಲ್ಲಿ 43 ದಾಟುತ್ತದೆ. ಎರಡೂವರೆ ಮಿಲಿಮೀಟರ್ ಯಾವ ಲೆಕ್ಕ ಎನ್ನಬೇಡಿ, ಚಕ್ರದ ಮೇಲಿನ ಕಮಾನು ಅಷ್ಟು ಸರಿದರೆ ಕಾರು ಕುಂಟುತ್ತಿರುವಂತೆ ಕಾಣುತ್ತದೆ. ಹಾಟ್ ವೀಲ್ಸ್ ಮುಂತಾದ ಆಟಿಕೆ ಕಾರುಗಳಲ್ಲಿ ದೊಡ್ಡ ವಾಹನವನ್ನೂ ಚಿಕ್ಕ ವಾಹನವನ್ನೂ ಹೆಚ್ಚುಕಡಿಮೆ ಒಂದೇ ಗಾತ್ರಕ್ಕೆ ಕುಗ್ಗಿಸುವ ರೂಢಿ ಇರುವುದರಿಂದ, ಪೊಟ್ಟಣದ ಮೇಲಿನ ಪ್ರಮಾಣವನ್ನು ನಂಬದೆ ಕಾರನ್ನೇ ಅಳೆಯುವುದು ಕ್ಷೇಮ.

ಕಾರನ್ನು ಬಿಚ್ಚುವ ಕೆಲಸದಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ತಳವನ್ನು ಚಿಪ್ಪಿಗೆ ಹಿಡಿದಿಡುವ ರಿವೆಟ್‌ಗಳ, ಎಂದರೆ ಲೋಹದ ಗುಬುಟುಗಳ, ತಲೆಯನ್ನು ಮೊದಲು ಸಣ್ಣ, ಅನಂತರ ದೊಡ್ಡ ಡ್ರಿಲ್‌ನಿಂದ ಕೊರೆದರೆ ತಳವೂ ಚಿಪ್ಪೂ ಬೇರ್ಪಡುತ್ತವೆ. ಚಿಪ್ಪು ಸತುವಿನ ಮಿಶ್ರಲೋಹದ್ದಾದ್ದರಿಂದ ಅದರ ಬಣ್ಣ ತೆಗೆಯಲು ಅಸಿಟೋನ್ ಬಳಸಬಹುದು. ಆದರೆ ಅದರ ಒಂದು ಹನಿ ರೋಬೋಟ್‌ನ ಪ್ಲಾಸ್ಟಿಕ್‌ಗೆ ತಗುಲಿದರೂ ಮೇಲ್ಮೈ ಕರಗಿ ಅಂಟಂಟಾಗುತ್ತದೆ, ಆದ್ದರಿಂದ ಎರಡನ್ನೂ ಒಂದೇ ಮೇಜಿನ ಮೇಲೆ ಇಡುವುದಿಲ್ಲ. ಲೋಹವನ್ನು ಉಜ್ಜುವಾಗ ಮರಳುಕಾಗದವನ್ನು ನೀರಿನಲ್ಲಿ ಅದ್ದಿಕೊಂಡು, ಮುಖಗವಸು ಮತ್ತು ಕನ್ನಡಕ ಧರಿಸಿಯೇ ಕೂರುತ್ತೇನೆ.

ಇನ್ನು ಕತ್ತರಿಸುವುದು. ರೋಬೋಟ್‌ನ ಮೂಲ ಚಿಪ್ಪಿನ ಮೇಲೆ ತೆಳುವಾದ ಕಾಗದದ ಟೇಪ್ ಹಚ್ಚಿ, ಭಾಗಗಳು ಕೂಡುವ ಗೆರೆಗಳನ್ನು ಪೆನ್ಸಿಲ್‌ನಿಂದ ತೀಡಿ, ಆ ಟೇಪನ್ನು ಬಿಡಿಸಿ ಕಾರಿನ ಮೇಲೆ ಅಂಟಿಸುತ್ತೇನೆ. ಆ ಗೆರೆ ಬಾಗಿಲಿನ ನಟ್ಟನಡುವೆ ಹಾದುಹೋದರೂ ಅಲ್ಲೇ ಕತ್ತರಿಸಬೇಕು. ಕಾರಿನ ಅಂದ ಕೆಡಬಾರದೆಂದು ಬಾಗಿಲಿನ ಅಂಚಿನವರೆಗೆ ಗೆರೆಯನ್ನು ಸರಿಸಿದವರ ರೋಬೋಟ್ ಕೈಯನ್ನೇ ಎತ್ತುವುದಿಲ್ಲ. ಗರಗಸವೂ ತನ್ನ ಹಲ್ಲಿನ ದಪ್ಪದಷ್ಟು ಲೋಹವನ್ನು ತಿನ್ನುವುದರಿಂದ ಗೆರೆಯ ಮೇಲೆ ಕೊಯ್ಯದೆ, ಬೇಕಾದ ಹೋಳಿನ ಆಚೆಬದಿಗೆ ಕೊಯ್ದು, ಉಳಿದುದನ್ನು ಅರದಿಂದ ಇಳಿಸಬೇಕು.

ಇಷ್ಟೆಲ್ಲ ಸರಿಯಾಗಿ ಮಾಡಿಯೂ ನನ್ನ ಮೊದಲ ಕಾರು ಮಡಚಿಕೊಳ್ಳಲಿಲ್ಲ. ಹಿಂಬದಿಯ ಎರಡು ಹೋಳುಗಳು ಮೊಣಕಾಲಿನ ಪಿನ್ನಿನ ಸುತ್ತ ತಿರುಗಿ ಪಾದಗಳಾಗಬೇಕಿತ್ತು. ಅರ್ಧ ದಾರಿಯಲ್ಲಿ ಟಕ್ಕೆಂದು ನಿಂತವು. ಒತ್ತಿದೆ, ಪಿನ್ ಬಾಗಿತು. ಕಾರಣ ಸರಳವಾಗಿತ್ತು. ಮೂಲ ಪ್ಲಾಸ್ಟಿಕ್ಕಿನ ಮೇಲೆ 1.2 ಮಿಲಿಮೀಟರ್ ದಪ್ಪದ ಲೋಹ ಕೂತಿತ್ತು, ತಿರುಗುವ ಭಾಗದ ಮೂಲೆ ಅಷ್ಟೇ ದೂರ ಹೊರಚಾಚಿತ್ತು, ಆದರೆ ಅದು ಹಾದುಹೋಗಬೇಕಾದ ಸಂದಿ ಅದರ ಅರ್ಧದಷ್ಟೂ ಇರಲಿಲ್ಲ. ಅಂದಿನಿಂದ ಸೇರಿಸುವ ಮೊದಲು ಕಳೆಯುತ್ತೇನೆ: ಲೋಹ ಎಷ್ಟು ದಪ್ಪವೋ ಅಷ್ಟು ಪ್ಲಾಸ್ಟಿಕ್ಕನ್ನು ಮೊದಲೇ ಅರದಿಂದ ತೆಗೆಯುತ್ತೇನೆ. ಎಷ್ಟೋ ಕಡೆ ಗೋಡೆ ತೂತಾಗಿ ಒಳಗಿನ ಸ್ಕ್ರೂ ಕಾಣಿಸುತ್ತದೆ. ಅಲ್ಲಿ ಒಳಬದಿಯಿಂದ ಎಪಾಕ್ಸಿ ಪುಟ್ಟಿ (ಎರಡು ಭಾಗಗಳನ್ನು ಕಲಸಿದಾಗ ಗಟ್ಟಿಯಾಗುವ ಕಣಕದಂಥ ಅಂಟು) ತುಂಬಿ ಗಟ್ಟಿಯಾಗಲು ಬಿಡುತ್ತೇನೆ. ಎಲ್ಲಿ ತಾಗುತ್ತಿದೆಯೆಂದು ತಿಳಿಯಲು ಒಂದು ಉಪಾಯವಿದೆ: ಸಂಶಯವಿರುವ ಮೂಲೆಗಳಿಗೆಲ್ಲ ಮಾರ್ಕರ್ ಮಸಿ ಬಳಿದು ಮೆಲ್ಲಗೆ ತಿರುಗಿಸಿದರೆ, ಮಸಿ ಕೆರೆದುಹೋದ ಜಾಗವೇ ಉಜ್ಜಬೇಕಾದ ಜಾಗ. ನಾಲ್ಕು ಸಲ ಬಳಿದು ನಾಲ್ಕು ಸಲ ಉಜ್ಜಿದ ಮೇಲೆ ಒಂದು ಕಾಲು ಸರಾಗವಾಗಿ ತಿರುಗಿದರೆ ಆ ಸಂಜೆಗೆ ಅದು ಸಾಕು.

ತೂಕವನ್ನೂ ಮರೆಯುವಂತಿಲ್ಲ. ಈ ಮಿಶ್ರಲೋಹ ರೋಬೋಟ್‌ನ ಎಬಿಎಸ್ ಪ್ಲಾಸ್ಟಿಕ್ಕಿಗಿಂತ ಸುಮಾರು ಆರು ಪಟ್ಟು ಸಾಂದ್ರ. ಕಾರಿನ ಛಾವಣಿ ರೋಬೋಟ್‌ನ ಬೆನ್ನಿಗೆ ಬರುವಂಥ ವಿನ್ಯಾಸದಲ್ಲಿ ರೋಬೋಟ್ ಹಿಮ್ಮುಖವಾಗಿ ಬೀಳದೆ ಇರುವುದಿಲ್ಲ, ಸಡಿಲ ಕೀಲಿದ್ದರಂತೂ ಕುಸಿದೇ ಕೂರುತ್ತದೆ. ಹಾಗಾಗಿ ಬೆನ್ನಿನ ಭಾಗಗಳಿಗೆ ಸಿಲಿಕೋನ್ ಅಚ್ಚು ತೆಗೆದು, ಹೊಯ್ದ ಮೇಲೆ ಗಟ್ಟಿಯಾಗುವ ಹಗುರ ದ್ರವ ಪ್ಲಾಸ್ಟಿಕ್ಕಾದ ರೆಸಿನ್‌ನಲ್ಲಿ ಎರಕ ಹೊಯ್ಯುತ್ತೇನೆ, ಲೋಹವನ್ನು ಕಾಲುಗಳಿಗಷ್ಟೇ ಮೀಸಲಿಡುತ್ತೇನೆ.

ಅಂಟಿಸುವಾಗ ಸೂಪರ್ ಗ್ಲೂಗಿಂತ ಎಪಾಕ್ಸಿಯೇ ನನಗೆ ಮೆಚ್ಚು. ಸೂಪರ್ ಗ್ಲೂವಿನ ಆವಿ ಕಿಟಕಿಯ ಪಾರದರ್ಶಕ ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಮಂಜಿನಂತೆ ಕೂರುತ್ತದೆ. ಸಾಲದ್ದಕ್ಕೆ ತೆಳುವಾದ ಅಂಟು ಸಂದಿಯೊಳಗೆ ಹರಿದು ಕೀಲನ್ನೇ ಹಿಡಿದುಬಿಡುತ್ತದೆ. ಬಣ್ಣ ಹಚ್ಚುವುದು ಕಟ್ಟಕಡೆಗೆ, ಅದೂ ತೆಳುವಾಗಿ, ಒಂದಕ್ಕೊಂದು ಉಜ್ಜುವ ಒಳ ಅಂಚುಗಳನ್ನು ಟೇಪ್‌ನಿಂದ ಮುಚ್ಚಿಕೊಂಡು. ಆ ಅಂಚುಗಳಲ್ಲಿ ಬರಿಯ ಲೋಹ ಕಾಣಿಸುವುದನ್ನು ನೋಡಿ ‘ಇಲ್ಲಿ ಬಣ್ಣ ಹೋಗಿದೆಯಲ್ಲ’ ಎನ್ನುವವರಿದ್ದಾರೆ; ಹೋಗಿದ್ದಲ್ಲ, ನಾನೇ ಹಚ್ಚಿಲ್ಲ.