‘ಬರಲಿಲ್ಲ’ ಮತ್ತು ‘ಬಂದಿಲ್ಲ’

ಗದಗಿನ ನಮ್ಮ ಪ್ರೌಢಶಾಲೆಗೆ ಸೇರುವ ಹೊತ್ತಿಗೆ ಇಂಗ್ಲಿಷಿನ ಹನ್ನೆರಡು ಟೆನ್ಸುಗಳ ಕೋಷ್ಟಕ ನಮಗೆ ಬಾಯಿಪಾಠವಾಗಿತ್ತು. ಐದನೆಯ ತರಗತಿಯಲ್ಲಿ ಎಬಿಸಿಡಿ ತಿದ್ದಲು ಆರಂಭಿಸಿದ ಕನ್ನಡ ಮಾಧ್ಯಮದ ನಾವು ‘ಗೋ, ವೆಂಟ್, ಗಾನ್’ ಎಂಬುದನ್ನು ಮಗ್ಗಿಯಂತೆ ಒಪ್ಪಿಸುತ್ತಿದ್ದೆವು. ಯಾವುದನ್ನು ಎಲ್ಲಿ ಹಾಕಬೇಕೆಂದು ಕೇಳಿದರೆ ಮಾತ್ರ ಬಾಯಿ ಕಟ್ಟುತ್ತಿತ್ತು.

ಒಂಬತ್ತನೆಯ ತರಗತಿಯ ಇಂಗ್ಲಿಷ್ ಮಾಸ್ತರರು ಮೊದಲ ದಿನ ಕೋಷ್ಟಕದ ಮಾತೆತ್ತಲಿಲ್ಲ. ಮುಂದಿನ ಸಾಲಿನಲ್ಲಿದ್ದ ನನ್ನನ್ನು ಎಬ್ಬಿಸಿ, “ನಿಮ್ಮ ಅಪ್ಪಾರು ಎಲ್ಲಿ ಅದಾರಪಾ?” ಎಂದು ಕೇಳಿದರು. “ಹುಬ್ಬಳ್ಳಿಗೆ ಹೋಗ್ಯಾರ್ರೀ” ಎಂದೆ. “ಹೋದ್ರು ಅಂತ ಯಾಕ ಅನ್ನಲಿಲ್ಲ?” ಎಂಬ ಪ್ರಶ್ನೆಗೆ ನಾನು ಯೋಚಿಸದೆಯೇ, “ಇನ್ನೂ ಬಂದಿಲ್ಲಲ್ರೀ” ಎಂದುಬಿಟ್ಟೆ. ಅವರು ಕಪ್ಪುಹಲಗೆಯ ಮೇಲೆ ‘ಹೋದರು’ ಎಂಬುದರ ಮುಂದೆ ‘ವೆಂಟ್’ ಎಂದೂ, ‘ಹೋಗ್ಯಾರ’ ಎಂಬುದರ ಮುಂದೆ ‘ಹ್ಯಾಸ್ ಗಾನ್’ ಎಂದೂ, ‘ಹೋಗಿ ಬಂದಾರ’ ಎಂಬುದರ ಮುಂದೆ ‘ಹ್ಯಾಸ್ ಬೀನ್’ ಎಂದೂ ಬರೆದು, ಪ್ರೆಸೆಂಟ್ ಪರ್ಫೆಕ್ಟ್ ಎಂಬ ಹೆಸರನ್ನು ಕೊನೆಯಲ್ಲಿ ಹೇಳಿದರು. ‘ಈಗತಾನೇ ಮುಗಿದ ಕ್ರಿಯೆ’ ಎಂದು ಗೈಡುಗಳಲ್ಲಿ ಓದಿದ್ದ ವಿವರಣೆ ಅರೆಬರೆಯಾದದ್ದೆಂದು ಅಂದೇ ತಿಳಿಯಿತು. ಕ್ರಿಯೆ ಎಂದು ನಡೆಯಿತು ಎಂಬುದಕ್ಕಿಂತ ಅದರ ನಂಟು ಈ ಹೊತ್ತಿನವರೆಗೆ ಉಳಿದಿದೆಯೇ ಎಂಬುದೇ ಅಲ್ಲಿ ಮುಖ್ಯ.

ನಿಷೇಧರೂಪದಲ್ಲಿ ಈ ಭೇದ ಇನ್ನೂ ನಿಚ್ಚಳವಾಗಿ ಕಾಣುತ್ತದೆ ಎಂದು ಅವರು ತೋರಿಸಿದ್ದು ನನಗೆ ಇಂದಿಗೂ ಬೆರಗಿನ ಸಂಗತಿ. ‘ಬಸ್ಸು ಬರಲಿಲ್ಲ’ ಎಂದವನು ಮನೆಗೆ ಮರಳಿ ಕುಳಿತಿರಬಹುದು. ‘ಬಸ್ಸು ಬಂದಿಲ್ಲ’ ಎನ್ನುವವನು ಇನ್ನೂ ಬಸ್‌ಸ್ಟ್ಯಾಂಡಿನಲ್ಲಿಯೇ ನಿಂತಿದ್ದಾನೆ. ಮೊದಲನೆಯದು ‘ಡಿಡ್ ನಾಟ್ ಕಮ್’, ಎರಡನೆಯದು ‘ಹ್ಯಾಸ್ ನಾಟ್ ಕಮ್’. ಇಷ್ಟು ಸೂಕ್ಷ್ಮವಾದ ವ್ಯತ್ಯಾಸವನ್ನು ನಾವು ಅಂಗಳದಲ್ಲಿ ಆಡುವಾಗಲೇ ಕಲಿತಿದ್ದೆವು, ಆದರೆ ಕಲಿತಿದ್ದೇವೆಂದು ನಮಗೆ ಗೊತ್ತಿರಲಿಲ್ಲ.

ಹಾಗೆಂದು ಕನ್ನಡವನ್ನೇ ನಂಬಿ ಕುಳಿತರೆ ದಾರಿ ತಪ್ಪುವ ಜಾಗಗಳೂ ಇದ್ದವು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನಾನು ‘ಮೈ ಅಂಕಲ್ ಹ್ಯಾಸ್ ಕಮ್ ಯೆಸ್ಟರ್‌ಡೇ’ ಎಂದು ಬರೆದಿದ್ದೆ. ಮಾಸ್ತರರು ಕ್ರಿಯಾಪದವನ್ನು ಮುಟ್ಟದೆ ‘ಯೆಸ್ಟರ್‌ಡೇ’ಗೆ ಮಾತ್ರ ಕೆಂಪು ಗೆರೆ ಎಳೆದಿದ್ದರು. ‘ಕಾಕಾ ನಿನ್ನೆ ಬಂದಿದ್ದಾರೆ’ ಎಂದರೆ ಕನ್ನಡದ ಕಿವಿಗೆ ಏನೂ ಅನ್ನಿಸುವುದಿಲ್ಲ. ಇಂಗ್ಲಿಷು ಮಾತ್ರ ಮುಗಿದುಹೋದ ಹೊತ್ತನ್ನು ಹೆಸರಿಸಿದ ಕೂಡಲೇ ‘ಹ್ಯಾಸ್’ ಅನ್ನು ಹೊರಗೆ ಹಾಕಿ ‘ಕೇಮ್’ ಬೇಕೆನ್ನುತ್ತದೆ. ಇದನ್ನು ಗಟ್ಟಿ ಮಾಡಿಸಲು ಅವರು ನಮ್ಮ ಊರನ್ನೇ ಉದಾಹರಣೆಯಾಗಿ ತೆಗೆದುಕೊಂಡರು. ಧಾರವಾಡದಿಂದ ಬೇರ್ಪಟ್ಟು ಗದಗ 1997ರಲ್ಲಿ ಜಿಲ್ಲೆಯಾಯಿತು ಎಂಬುದಕ್ಕೆ ‘ಬಿಕೇಮ್’ ಸಾಕು. 1997ರಿಂದ ಜಿಲ್ಲೆಯಾಗಿದೆ ಎನ್ನಬೇಕಾದರೆ ‘ಹ್ಯಾಸ್ ಬೀನ್’ ಮತ್ತು ‘ಸಿನ್ಸ್’ ಎರಡೂ ಬೇಕು. ಕನ್ನಡದ ‘ಇಂದ’ ಎಂಬ ಒಂದೇ ಪ್ರತ್ಯಯ ಆರಂಭವಾದ ವರ್ಷಕ್ಕೂ ಕಳೆದ ವರ್ಷಗಳ ಎಣಿಕೆಗೂ ಸಲ್ಲುವುದರಿಂದಲೇ ನಾವು ‘ಫ್ರಮ್ ಟೆನ್ ಇಯರ್ಸ್’ ಎಂದು ಬರೆಯುತ್ತಿದ್ದೆವು. ಅಲ್ಲಿ ‘ಫಾರ್’ ಬರಬೇಕೆಂಬುದು ತಲೆಗೆ ಹತ್ತಲು ನನಗಂತೂ ಒಂದು ವರ್ಷವೇ ಹಿಡಿಯಿತು.

ಹತ್ತನೆಯ ತರಗತಿಯಲ್ಲಿ ‘ಇಫ್’ ವಾಕ್ಯಗಳು ಬಂದವು. ನಾಳೆಯ ಮಳೆಯ ಮಾತಾದರೂ ‘ಇಫ್ ಇಟ್ ವಿಲ್ ರೇನ್’ ಎನ್ನದೆ ‘ಇಫ್ ಇಟ್ ರೇನ್ಸ್’ ಎನ್ನಬೇಕೆಂದು ಕೇಳಿ, ನಾಳೆಯ ಮಾತಿಗೆ ಇಂದಿನ ರೂಪವೇಕೆ ಎಂದು ನಾವು ನಕ್ಕೆವು. ಆಗ ಅವರು ‘ನಾಳೆ ಮಳೆ ಬಂದರೆ’ ಎಂದು ಬರೆದು, ‘ಬಂದ’ ಎಂಬಷ್ಟಕ್ಕೆ ಗೆರೆ ಎಳೆದರು. ಇಂಗ್ಲಿಷರು ನಾಳೆಯ ಮಳೆಯನ್ನು ಇಂದಿಗೆ ತಂದರೆ, ನಾವು ಅದನ್ನು ನಿನ್ನೆಗೇ ಒಯ್ದಿದ್ದೆವು. ತರಗತಿ ಸುಮ್ಮನಾಯಿತು. ಹಿಂದಿನ ಬೆಂಚಿನ ಗೆಳತಿಯೊಬ್ಬಳು ಎದ್ದು, ಹಾಗೇಕೆ ಎಂದು ಕೇಳಿದಳು. ನಾಳೆ ಹೇಳುತ್ತೇನೆ ಎಂದ ಮಾಸ್ತರರು ಮರುದಿನ ಹಾಜರಿ ತೆಗೆದುಕೊಂಡ ಮೇಲೆ ಅವಳ ಕಡೆ ನೋಡಿ, “ನೀ ಕೇಳಿದ್ದು ನನಗ ಇನ್ನೂ ತಿಳದಿಲ್ಲವಾ” ಎಂದರು. ‘ತಿಳೀಲಿಲ್ಲ’ ಎಂದು ಅವರು ಹೇಳಿರಲಿಲ್ಲ.